ತೆಂಗಿನ ಸೀಮೆಯ ಕೇಪಿನ ಕೋವಿ

ತಿಪಟೂರು ಬಿಟ್ಟು ತುರುವೇಕೆರೆ ಕಡೆ ಹೊರಟವರಿಗೆ ದಾರಿಯುದ್ದಕ್ಕೂ ತೆಂಗೇ ತೆಂಗು. ನಡುವೆ ಅಲ್ಲಲ್ಲಿ ರಾಗಿ ಹೊಲ, ಸುಲಿದ ಮಟ್ಟೆಯ ರಾಶಿ, ಕೊಬ್ಬರಿ ಹಾಕುವ ಅಟ್ಟವಿರುವ ಹಂಚಿನ ಮನೆಗಳು. ಮಳೆ ಆಗಿದ್ದರೆ ತುಂಬಿದ ಕೆರೆ, ಇಲ್ಲದಿದ್ದರೆ ಜಾಲಿ ಬೆಳೆದ ಕೆರೆಯಂಗಳ. ನೊಣವಿನಕೆರೆ ಈ ಸೀಮೆಯ ನಟ್ಟನಡುವಿನ ಹೋಬಳಿ ಊರು. ಹೊರಗಿನವರು ಇಲ್ಲಿಗೆ ಬರುವುದು ಬೇಟೆರಾಯಸ್ವಾಮಿ ದೇವಸ್ಥಾನಕ್ಕೆ, ಇಲ್ಲವೇ ಕಾಡಸಿದ್ಧೇಶ್ವರ ಮಠಕ್ಕೆ. ಅವರ ಕಿವಿಗೆ ಬೀಳದ, ಬಿದ್ದರೂ ಪಟಾಕಿ ಇರಬೇಕೆಂದು ತಳ್ಳಿಹಾಕುವ ಸದ್ದೊಂದು ಇಂಥ ತೋಟದ ನಾಡುಗಳಲ್ಲಿದೆ. ಬೆಳಗಿನ ಹೊತ್ತು ಕೋತಿಯ ಹಿಂಡು ತೋಟಕ್ಕೆ ಇಳಿದಾಗ, ರಾತ್ರಿ ಶೇಂಗಾ ಹೊಲಕ್ಕೆ ಹಂದಿ ನುಗ್ಗಿದಾಗ ಕೇಳುವ ಒಂದೇ ಒಂದು ಈಡು. ಎರಡನೆಯದು ಬೇಗ ಕೇಳಿಸುವುದಿಲ್ಲ. ಹೊಡೆದ ಕೋವಿಗೆ ಮತ್ತೆ ಮದ್ದು ತುಂಬಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಈ ಹೊತ್ತನ್ನು ಕೋವಿಯ ದೋಷವೆಂದೇ ಎಲ್ಲರೂ ಎಣಿಸುತ್ತಾರೆ. ತೆಂಗಿನ ಸೀಮೆಯ ಮಟ್ಟಿಗಾದರೂ ಅದೇ ಅದರ ಗುಣ ಎಂಬುದು ನನ್ನ ವಾದ.

ಕೇಪಿನ ಕೋವಿಗೆ ತೋಟಾ ಇಲ್ಲ. ನಳಿಗೆಯ ಬಾಯಿಂದಲೇ ಎಲ್ಲವೂ ಒಳಗೆ ಹೋಗಬೇಕು. ಮೊದಲು ಅಳತೆಯ ಮದ್ದು. ಅದರ ಮೇಲೆ ತೆಂಗಿನ ನಾರನ್ನೋ ಹಳೆಯ ಬಟ್ಟೆಯನ್ನೋ ಉಂಡೆ ಮಾಡಿ ಗಜ ಎಂಬ ಉದ್ದನೆಯ ಕಡ್ಡಿಯಿಂದ ಒತ್ತಬೇಕು. ಆಮೇಲೆ ಚರೆ, ಚರೆ ಉರುಳಿ ಹೊರಗೆ ಬಾರದ ಹಾಗೆ ಮೇಲೊಂದು ನಾರಿನುಂಡೆ. ಎಲ್ಲ ಮುಗಿದ ಮೇಲೆ ಕುದುರೆ ಎಂಬ ಸುತ್ತಿಗೆ ಎತ್ತಿ, ಅದರ ಹೊಡೆತಕ್ಕೆ ಕಿಡಿ ಕೊಡುವ ಪುಟ್ಟ ಕೇಪು ಕೂರಿಸುವುದು. ಓದುವುದಕ್ಕೆ ಸುಲಭ, ಕೈಗೆ ಅಷ್ಟು ಸುಲಭವಲ್ಲ. ಒತ್ತಿದ ಉಂಡೆ ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಬಹುದು, ಸೀಳಬಹುದು. ಪಳಗಿದವರು ಒಳಗೆ ಈಡು ಇದೆಯೋ ಇಲ್ಲವೋ ಎಂದು ತಿಳಿಯಲು ಗಜ ಇಳಿಬಿಟ್ಟು, ಅದು ಬಾಯಿಂದ ಎಷ್ಟು ಹೊರಗೆ ನಿಂತಿತು ಎಂದು ನೋಡುತ್ತಾರೆ. ಬರಿದಾದ ನಳಿಗೆಯಲ್ಲಿ ಗಜ ಪೂರ್ತಿ ಇಳಿಯುತ್ತದೆ, ತುಂಬಿದ್ದರಲ್ಲಿ ನಾಲ್ಕಾರು ಬೆರಳು ಮೇಲೆ ನಿಲ್ಲುತ್ತದೆ. ಕಪ್ಪು ಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಉಳಿಯುವ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಅದಕ್ಕೇ ಹೊಡೆದ ದಿನವೇ ಬಿಸಿನೀರು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಒಂದು ಈಡಿಗೆ ಇಷ್ಟು ಚಾಕರಿ ಬೇಡುವ ಆಯುಧವನ್ನು ಯಾರೂ ಸುಮ್ಮಸುಮ್ಮನೆ ಹೊಡೆಯುವುದಿಲ್ಲ.

ಕೈಯಿಂದ ಈಡು ತುಂಬುವುದನ್ನೇ ದೊಡ್ಡ ಹವ್ಯಾಸ ಮಾಡಿಕೊಂಡ ದೇಶಗಳಿವೆ. ಎರಡನೆಯ ಮಹಾಯುದ್ಧದ ನಂತರ ಯುರೋಪಿನ ಸೈನ್ಯಗಳು ಕಳಚಿಹಾಕಿದ ರೈಫಲ್ಲುಗಳು ಅಮೆರಿಕದಲ್ಲಿ ಅಗ್ಗಕ್ಕೆ, ಅಂಚೆಯ ಮೂಲಕವೇ, ಬಿಕರಿಯಾದವು. ಅವುಗಳಲ್ಲಿ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ .303 ಲೀ-ಎನ್‌ಫೀಲ್ಡ್ ಕೂಡ ಸೇರಿತ್ತು. ಬಂದೂಕು ಅಗ್ಗ, ತೋಟಾ ದುಬಾರಿ ಎಂದಾದಾಗ ಜನ ಖಾಲಿ ಹಿತ್ತಾಳೆ ಕೋಶಗಳನ್ನು ಹೆಕ್ಕಿ ಮನೆಯಲ್ಲೇ ಮತ್ತೆ ತುಂಬತೊಡಗಿದರು. ದುಡ್ಡು ಉಳಿಯುತ್ತದೆ, ಸವೆದ ಹಳೆಯ ನಳಿಗೆಗೆ ಒಗ್ಗುವಂತೆ ಈಡನ್ನು ಹದ ಮಾಡಬಹುದು, ತುಂಬುವವನಿಗೆ ತನ್ನ ಬಂದೂಕಿನ ಗುಣಾವಗುಣ ತಿಳಿಯುತ್ತದೆ ಎಂದು ಅವರು ಹೇಳುತ್ತಾರೆ. ಮೂರೂ ನಿಜವೇ. ಆದರೆ ಹಳೆಯ ಸೈನ್ಯದ ರೈಫಲ್ಲು ತನ್ನ ತಕರಾರನ್ನೂ ಜೊತೆಗೇ ತರುತ್ತದೆ. ಕೆಸರು, ಮರಳು ಸೇರಿದರೂ ಯುದ್ಧದಲ್ಲಿ ತೋಟಾ ಸಿಕ್ಕಿಕೊಳ್ಳಬಾರದೆಂದು .303ರಲ್ಲಿ ತೋಟಾ ಕೂರುವ ಗೂಡನ್ನು ಸಡಿಲವಾಗಿಯೇ ಕೊರೆಯುತ್ತಿದ್ದರು. ಹೀಗಾಗಿ ಪ್ರತಿ ಸಲ ಹೊಡೆದಾಗಲೂ ಹಿತ್ತಾಳೆ ಹಿಗ್ಗಿ ಬುಡದ ಹತ್ತಿರ ತೆಳುವಾಗುತ್ತದೆ, ಕೆಲವೇ ಸಲ ಮರುತುಂಬಿದ ಮೇಲೆ ಅಲ್ಲಿಯೇ ಹರಿಯುತ್ತದೆ. ಹಳೆಯ ತೋಟಾದ ಕೇಪಿನಲ್ಲಿದ್ದ ರಾಸಾಯನಿಕ ಉರಿದು ಉಪ್ಪಿನಂಥದ್ದನ್ನು ಬಿಟ್ಟು ನಳಿಗೆಗೆ ತುಕ್ಕು ಹಿಡಿಸುತ್ತದೆ. ಅದನ್ನು ತೊಳೆಯಲು ಅಲ್ಲಿಯವರೂ ಬಳಸಿದ್ದು ಬಿಸಿನೀರನ್ನೇ. ಸೈನ್ಯದ ಕೋಶಗಳಲ್ಲಿ ಬಹಳಷ್ಟು ಬರ್ಡನ್ ಮಾದರಿಯವು. ಬುಡದಲ್ಲಿ ಎರಡು ಸಣ್ಣ ತೂತು ಇರುವುದರಿಂದ ಸುಟ್ಟ ಕೇಪನ್ನು ಹೊರಗೆ ತಳ್ಳುವುದೇ ಕಷ್ಟ. ಅಂಚೆಯ ಈ ಅಗ್ಗದ ವ್ಯಾಪಾರ ಹೆಚ್ಚು ಕಾಲ ಉಳಿಯಲಿಲ್ಲ. 1963ರಲ್ಲಿ ಅಂಚೆಯಲ್ಲಿ ತರಿಸಿದ ಇಟಲಿಯ ಹಳೆಯ ಸೈನ್ಯದ ರೈಫಲ್ಲಿನಿಂದಲೇ ಅಧ್ಯಕ್ಷ ಕೆನಡಿಯ ಹತ್ಯೆಯಾಯಿತು. 1968ರ ಕಾನೂನು ಅಂಚೆ ವ್ಯಾಪಾರಕ್ಕೂ ಸೈನ್ಯದ ಹಳೆ ಬಂದೂಕುಗಳ ಆಮದಿಗೂ ಕಡಿವಾಣ ಹಾಕಿತು.

ನಮ್ಮಲ್ಲಿ ಆ ಬಾಗಿಲು ತೆರೆದೇ ಇರಲಿಲ್ಲ. ಸೈನ್ಯದ ತೋಟಾ ಜನರ ಕೈಗೆ ಸಿಗಬಾರದು ಎಂಬುದು ಬ್ರಿಟಿಷರ ಹಳೆಯ ಭಯ. 1857ರ ದಂಗೆಗೆ ಕಿಡಿ ಹತ್ತಿದ್ದೇ ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ಕಾಗದದ ತೋಟಾದಿಂದ. ಅದೇ ವರ್ಷ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ನವೆಂಬರಿನಲ್ಲಿ ತಿರುಗಿಬಿದ್ದರು, ಬ್ರಿಟಿಷರು ಊರು ಸುಟ್ಟರು, ಸೆರೆ ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಭಯ ಎಷ್ಟು ದೂರ ಹೋಯಿತೆಂದರೆ, 1907ರ ಸುಮಾರಿಗೆ .450 ಅಳತೆಯ ಬೇಟೆ ಬಂದೂಕುಗಳ ಆಮದನ್ನೇ ಇಂಡಿಯಾದಲ್ಲಿ ನಿಲ್ಲಿಸಿದರು. ಆ ಗುಂಡುಗಳನ್ನು ಯಾರಾದರೂ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ತೋಟಾಗಳಿಗೆ ಹಾಕಿ ಮರುತುಂಬಿಯಾರು ಎಂಬುದು ಅನುಮಾನ. ಲಂಡನ್ನಿನ ಕುಶಲಕರ್ಮಿಗಳು ಹುಲಿ ಬೇಟೆಯ ದೊರೆಗಳಿಗಾಗಿ .465, .470 ಎಂದು ಹೊಸ ಅಳತೆಗಳನ್ನೇ ಹುಟ್ಟಿಸಬೇಕಾಯಿತು. .303 ಕೂಡ ಜನಸಾಮಾನ್ಯರಿಗೆ ನಿಷಿದ್ಧ. ಸ್ವಾತಂತ್ರ್ಯ ಬಂದ ಮೇಲೂ ನಿಯಮ ಬದಲಾಗಲಿಲ್ಲ. ಇಶಾಪುರದ ರೈಫಲ್ ಕಾರ್ಖಾನೆ ಲೀ-ಎನ್‌ಫೀಲ್ಡಿನ ಮೈಕಟ್ಟನ್ನೇ ಇಟ್ಟುಕೊಂಡು ಪರವಾನಗಿದಾರರಿಗೆ ಕೊಟ್ಟದ್ದು .315. ಸೈನ್ಯದ ತೋಟಾ ಅದರಲ್ಲಿ ಕೂರಬಾರದು ಎಂಬುದೇ ಅಳತೆ ಬದಲಿಸಿದ್ದರ ತಾತ್ಪರ್ಯ. ಹಳೆಯ .303ಗಳು ನಮ್ಮಲ್ಲಿ ಸೈನ್ಯದಿಂದ ಪೊಲೀಸರಿಗೆ, ಹೋಂಗಾರ್ಡಿಗೆ, ಎನ್‌ಸಿಸಿಗೆ ಇಳಿದವೇ ಹೊರತು ರೈತನ ಮನೆಗೆ ಬರಲಿಲ್ಲ. ಇನ್ನು ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಏಳು ವರ್ಷ.

ಇಷ್ಟು ಬಿಗಿಯಾದ ಕಾಯಿದೆಯೇ ಒಂದು ಕಡೆ ಕೈ ಸಡಿಲ ಬಿಟ್ಟಿದೆ. ಅದರ 13ನೆಯ ಸೆಕ್ಷನ್ ಓದಿದರೆ, ನಿಜವಾಗಿ ಬೆಳೆ ಕಾಯಲೆಂದು ಬಾಯಿಂದ ಮದ್ದು ತುಂಬುವ ಕೋವಿ ಕೇಳಿದ ನಾಗರಿಕನಿಗೆ ಪರವಾನಗಿ ಕೊಡತಕ್ಕದ್ದು ಎಂದಿದೆ. ಕೊಡಬಹುದು ಎಂದಲ್ಲ. ಇಂಥ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಕೋವಿಯ ಮಾತು. ಹೀಗೆ ರೈತನ ಕೋವಿ ಎಂದರೆ ಕೇಪಿನ ಕೋವಿ ಎಂದು 1959ರ ಶಾಸನವೇ ಗ್ರಹಿಸಿತ್ತು. ತೋಟಾ ತುಂಬಿದರೆ ಜೈಲು ಎನ್ನುವ ಕಾನೂನೇ ರೈತ ತನ್ನ ಈಡನ್ನು ತಾನೇ ತುಂಬಿಕೊಳ್ಳಲಿ ಎನ್ನುತ್ತದೆ. ಇದನ್ನು ಬಡವನಿಗೆ ಹಳೆಯದು ಸಾಕು ಎಂಬ ಜಿಪುಣತನವೆಂದು ಓದುವವರಿದ್ದಾರೆ. ಸರ್ಕಾರಕ್ಕೆ ತನ್ನ ಜನರ ಮೇಲಿರುವ ಗುಮಾನಿ ಅದರಲ್ಲಿ ಇಲ್ಲವೆಂದು ನಾನೂ ಹೇಳಲಾರೆ. ಆದರೆ ಉದ್ದೇಶ ಯಾವುದೇ ಇರಲಿ, ಆಯ್ಕೆ ಸರಿಯಾಗಿತ್ತು. ಏಕೆ ಸರಿ ಎಂಬುದನ್ನು ಕಾಯಿದೆ ಪುಸ್ತಕ ಮುಚ್ಚಿಟ್ಟು ತೋಟದಲ್ಲಿ ನಿಂತು ನೋಡಬೇಕು.

ತೆಂಗಿನ ತೋಟ ಖಾಲಿ ಜಾಗವಲ್ಲ. ಹೊರಗಿನಿಂದ ನಿರ್ಜನವಾಗಿ ಕಂಡರೂ ಒಂದು ಮೂಲೆಯಲ್ಲಿ ಕಾಯಿ ಆಯುವವರಿರುತ್ತಾರೆ, ಇನ್ನೊಂದರಲ್ಲಿ ದನ ಕಟ್ಟಿರುತ್ತದೆ, ಮರದ ಮೇಲೆ ಎಳನೀರು ಇಳಿಸುವವನಿರುತ್ತಾನೆ. ತೋಟಕ್ಕೆ ತೋಟ ಅಂಟಿಕೊಂಡಿದೆ, ನಡುವೆ ತೋಟದ ಮನೆಗಳು. .303ರ ಗುಂಡು ಎರಡು ಮೈಲಿಯ ತನಕ ಹಾರಬಲ್ಲದು. ನೊಣವಿನಕೆರೆಯಂಥ ಬಯಲಿನಲ್ಲಿ ಹಾಗೆ ಹಾರಿದ ಗುಂಡು ಯಾರ ತೋಟಕ್ಕೆ, ಯಾವ ಊರಿನ ಅಂಗಳಕ್ಕೆ ಬೀಳುತ್ತದೋ ಹೊಡೆದವನಿಗೆ ಗೊತ್ತಾಗುವುದಿಲ್ಲ. ಕೇಪಿನ ಕೋವಿಯ ಸಣ್ಣ ಚರೆ ಐವತ್ತು ಅರವತ್ತು ಗಜ ದಾಟುವಷ್ಟರಲ್ಲಿ ಸೊರಗುತ್ತದೆ. ಇನ್ನೊಂದು ಮಾತು ಮರದ್ದೇ. ಇಲ್ಲಿಯ ಎತ್ತರದ ತಳಿಯನ್ನು ಪುಸ್ತಕಗಳು ತಿಪಟೂರು ಟಾಲ್ ಎಂದೇ ಕರೆಯುತ್ತವೆ. ಅದರ ತಲೆಯಲ್ಲಿ ಹೊಂಬಾಳೆ, ಈಚು, ಎಳನೀರು, ಬಲಿತ ಕಾಯಿ ಎಲ್ಲವೂ ಒಟ್ಟಿಗೇ ಇರುತ್ತವೆ. ಕೋತಿ ಕೂರುವುದೂ ಅಲ್ಲೇ. ಕೋತಿಗೆಂದು ಮೇಲಕ್ಕೆ ಹೊಡೆದ ಚರೆ ಮೊದಲು ತಾಗುವುದು ತನ್ನ ಗೊನೆಗೇ. ಹಾಗಾಗಿ ಬುದ್ಧಿಯಿರುವ ತೋಟದವನು ಚರೆ ಹಾಕದೆ ಬರೀ ಮದ್ದು ತುಂಬಿ ಸದ್ದಿಗಷ್ಟೇ ಹೊಡೆಯುತ್ತಾನೆ. ಈ ಸವಲತ್ತು ಅಂಗಡಿಯ ತೋಟಾಕ್ಕಿಲ್ಲ. ಅದರೊಳಗೆ ಚರೆ ಕೂತೇ ಬಂದಿರುತ್ತದೆ. ಪ್ರಾಣಿಗೂ ಮರಕ್ಕೂ ನೋವಾಗದ ಹಾಗೆ ಸದ್ದನ್ನಷ್ಟೇ ತುಂಬಿಕೊಳ್ಳಬಲ್ಲ ಆಯುಧ ಕೈಯಿಂದ ತುಂಬುವುದು ಮಾತ್ರ.

ನಷ್ಟದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಹೊಂಬಾಳೆ ಒಡೆದು ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ. ಇಳಿಸಿದ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಗುಂಡಾಗಿ ಕಳಚಿ ಉಂಡೆ ಕೊಬ್ಬರಿ ಆಗಲು ಇನ್ನೂ ಎಂಟು ಹತ್ತು ತಿಂಗಳು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಕೋತಿ ಇಂದು ಈಚು ಕಿತ್ತು ಬಿಸಾಡಿದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಕೊರತೆ ಕಾಣುವುದು ಹೆಚ್ಚುಕಡಿಮೆ ಎರಡು ವರ್ಷದ ನಂತರ. ನುಸಿ, ಬರ, ರೋಗ ಎಲ್ಲವೂ ಸೇರಿ ತಿಂದ ಮೇಲೆ ಕೋತಿಯ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಕಣ್ಣೆದುರು ಕಾಯಿ ಉದುರಿಸುವ ಕೋತಿಯ ಮೇಲಿನ ಸಿಟ್ಟು ಮಾತ್ರ ಅಂದೇ ಏರುತ್ತದೆ. ಸಿಟ್ಟಿಗೂ ನಷ್ಟಕ್ಕೂ ನಡುವೆ ಇಷ್ಟು ಅಂತರವಿರುವ ಬೆಳೆಗೆ ಕೈಗೆತ್ತಿಕೊಂಡ ತಕ್ಷಣ ಐದಾರು ಗುಂಡು ಹಾರಿಸುವ ಆಯುಧ ತಕ್ಕುದಲ್ಲ. ಗಜ ಹುಡುಕಿ, ನಾರು ಉಂಡೆ ಮಾಡಿ, ಕೇಪು ಕೂರಿಸುವಷ್ಟರಲ್ಲಿ ಎಷ್ಟೋ ಸಲ ಹಿಂಡು ಪಕ್ಕದ ತೋಟ ಸೇರಿರುತ್ತದೆ. ಪಕ್ಕದ ತೋಟದವರು ಇದನ್ನು ಮೆಚ್ಚಲಾರರು, ಅದು ಬೇರೆ ಮಾತು.

ಚಿರತೆ ಬಂದರೆ? ಇದು ಹಗುರವಾದ ಪ್ರಶ್ನೆಯಲ್ಲ. 2019ರ ಕೊನೆಯಿಂದ 2020ರ ಆರಂಭದ ತನಕ ಇದೇ ತುಮಕೂರು ಜಿಲ್ಲೆಯ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಸತ್ತರು. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಕರಡಿಯೂ ಇದೆ. ಒಂದೇ ಈಡಿನ ಕೋವಿ ಹಿಡಿದವನು ಅಲ್ಲಿ ಏನು ಮಾಡಬೇಕು? ಆದರೆ ಆ ಸಾವುಗಳಾದದ್ದು ಹೇಗೆ ಎಂದು ನೋಡಿದರೆ ಉತ್ತರ ಸಿಗುತ್ತದೆ: ದನ ಮೇಯಿಸುವಾಗ, ಮನೆಯ ಅಕ್ಕಪಕ್ಕ ಆಡುವಾಗ, ಪೊದೆಯಿಂದ ಎಗರಿ. ಅಂಥ ಗಳಿಗೆಯಲ್ಲಿ ಕೇಪಿನ ಕೋವಿಯೂ ಸುಮ್ಮನೆ, ರೈಫಲ್ಲೂ ಸುಮ್ಮನೆ. ಬೋನು ಇಡುವುದು, ತೋಟದ ಅಂಚಿನ ಪೊದೆ ಸವರುವುದು, ಸಂಜೆ ಮಕ್ಕಳನ್ನು ಒಬ್ಬೊಬ್ಬರೇ ಕಳಿಸದಿರುವುದು ಇವೇ ಉಪಾಯ. ಪ್ರಾಣಕ್ಕೆ ಬಂದಾಗ ತನ್ನನ್ನೋ ಇನ್ನೊಬ್ಬರನ್ನೋ ಉಳಿಸಿಕೊಳ್ಳಲು ಹೊಡೆದರೆ ವನ್ಯಜೀವಿ ಕಾಯಿದೆ ಅದನ್ನು ಅಪರಾಧವೆನ್ನುವುದಿಲ್ಲ. ಬೆಳೆಗೆಂದು ಹೊಡೆಯುವುದು ಬೇರೆ. ಹಂದಿಗೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2022ರ ತಿದ್ದುಪಡಿಯ ಮೇಲೆ ನಮ್ಮ ಸಾಮಾನ್ಯ ಕೋತಿಯೂ ಚಿರತೆ, ಕರಡಿಗಳ ಜೊತೆ ಆ ಕಾಯಿದೆಯ ಮೊದಲನೆಯ, ಅತಿ ಬಿಗಿ ರಕ್ಷಣೆಯ ಪಟ್ಟಿಯಲ್ಲಿದೆ. ಹೊಲಕ್ಕೆ ಇಳಿಯುವ ನವಿಲಂತೂ ರಾಷ್ಟ್ರಪಕ್ಷಿ. ಇದೆಲ್ಲ ಸೇರಿ ತೆಂಗಿನ ತೋಟದ ಕೋವಿಗೆ ಕಾನೂನು ಉಳಿಸಿರುವ ಕೆಲಸ ಬಹುಮಟ್ಟಿಗೆ ಸದ್ದು ಮಾಡುವುದು ಅಷ್ಟೇ, ಆ ಕೆಲಸಕ್ಕೆ ಅದು ಸಾಕು.

ಹಾಗಾದರೆ ಕೋವಿಯೇ ಏಕೆ, ಪೈಪಿನೊಳಗೆ ಕಾರ್ಬೈಡಿನ ಅನಿಲ ಸಿಡಿಸಿ ಸದ್ದು ಮಾಡುವ ಕಾರ್ಬೈಡ್ ಗನ್ನು ಸಾಲದೇ ಎಂದು ಕೇಳುವವರಿಗೆ 2025ರ ದೀಪಾವಳಿಯನ್ನು ನೆನಪಿಸಬೇಕು. ಆ ಹಬ್ಬದ ಹೊತ್ತಿಗೆ ಮಧ್ಯಪ್ರದೇಶದಲ್ಲಿ ಅಂಥ ಪೈಪುಗಳು ಮುಖದ ಮುಂದೆ ಸಿಡಿದು ನೂರಕ್ಕೂ ಹೆಚ್ಚು ಜನ, ಬಹುತೇಕ ಮಕ್ಕಳು, ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಅದಕ್ಕೆ ನಂಬರಿಲ್ಲ, ಪರವಾನಗಿಯಿಲ್ಲ, ನಳಿಗೆ ತಾಳುತ್ತದೋ ಇಲ್ಲವೋ ನೋಡುವವರಿಲ್ಲ. ಅದಕ್ಕಿಂತ ಕೆಟ್ಟದ್ದು ಹಂದಿಗೆಂದು ತಿನಿಸಿನೊಳಗೆ ಅಡಗಿಸಿಡುವ ಸಿಡಿಮದ್ದು. 2020ರಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಬಾಯಿ ಛಿದ್ರವಾಗಿ, ಹೊಳೆಯ ನೀರಲ್ಲಿ ನಿಂತೇ ಸತ್ತದ್ದು ಅಂಥದ್ದನ್ನು ಕಚ್ಚಿ. ನಮ್ಮ ಕಡೆಯೂ ಮೇಯಲು ಹೋದ ಹಸು ದವಡೆ ಕಳೆದುಕೊಂಡು ಬರುವುದು ಇದರಿಂದಲೇ. ಕೋವಿಯ ಮದ್ದೂ ಸಿಡಿಮದ್ದೂ ಎರಡೂ ಸಿಡಿಯುವಂಥವೇ. ಆದರೆ ಸಿಡಿಯುವ ಗಳಿಗೆಯಲ್ಲಿ ಸಿಡಿಮದ್ದಿನ ಹತ್ತಿರ ಅದನ್ನಿಟ್ಟವನು ಇರುವುದಿಲ್ಲ, ಯಾವ ಪ್ರಾಣಿ ಬಂತೆಂದು ನೋಡುವ ಕಣ್ಣಿರುವುದಿಲ್ಲ. ಕೋವಿಯ ಹಿಂದೆ ಒಬ್ಬ ಮನುಷ್ಯ ಇರಲೇಬೇಕು, ಅವನ ಹೆಸರು ಠಾಣೆಯ ಪುಸ್ತಕದಲ್ಲಿರುತ್ತದೆ. ಕಳ್ಳಬೇಟೆಯವರೂ ಇದೇ ಬಗೆಯ ನಾಡಕೋವಿ ಬಳಸುತ್ತಾರೆ ಎಂಬ ಆಕ್ಷೇಪ ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಅವು ಕುಲುಮೆಯಲ್ಲಿ ಗುಟ್ಟಾಗಿ ಆದವು. ಪರವಾನಗಿಯ ಕೋವಿ ಕಸಿದುಕೊಂಡರೆ ಕುಲುಮೆಯ ಕೋವಿ ಕಡಿಮೆಯಾಗುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಕೊಡಗಿನ ಜೊತೆ ಹೋಲಿಸುವ ಅಭ್ಯಾಸ ನಮ್ಮಲ್ಲಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ತೆಂಗಿನ ಸೀಮೆಯ ಕೋವಿಗೆ ಈ ಗೌರವ ಯಾವುದೂ ಇಲ್ಲ. ಅದು ಕುಡುಗೋಲು, ಗುದ್ದಲಿಗಳ ಸಾಲಿಗೆ ಸೇರಿದ್ದು. ಐದು ವರ್ಷಕ್ಕೊಮ್ಮೆ ನವೀಕರಣ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತರುವ ಅಲೆದಾಟ. ಕೋತಿಗೆ ಚುನಾವಣೆ ಗೊತ್ತಿಲ್ಲ ಎಂದು ರೈತರು ಗೊಣಗುವುದರಲ್ಲಿ ನ್ಯಾಯವಿದೆ. ಯಾರಿಂದ ಅಪಾಯ ಎಂದು ಒಬ್ಬೊಬ್ಬರದೇ ಪರಿಶೀಲಿಸದೆ ಒಂದೇ ಈಡಿನ ಕೋವಿಗಳನ್ನೂ ಸಾರಾಸಗಟು ಒಪ್ಪಿಸಿಕೊಳ್ಳುವುದರಿಂದ ಯಾವ ಚುನಾವಣೆಯೂ ಹೆಚ್ಚು ಶಾಂತವಾಗಲಾರದು.

ನನ್ನ ವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಇದಾವುದರಿಂದಲೂ ಅಲ್ಲ, ಅಟ್ಟದಿಂದ. ನಿಧಾನವಾಗಿ ತುಂಬಬೇಕಾದ ಕೋವಿಯನ್ನು ಜನ ಮೊದಲೇ ತುಂಬಿ ಇಟ್ಟುಬಿಡುತ್ತಾರೆ. ತೋಟಾ ಕೋವಿಯ ನಳಿಗೆ ಬಗ್ಗಿಸಿ ತೆರೆದರೆ ತೋಟಾ ಕೈಗೆ ಬರುತ್ತದೆ. ಇದರಲ್ಲಿ ತುಂಬಿದ್ದು ಹಾಗೆ ಹೊರಗೆ ಬಾರದು; ಹೊಡೆದೇ ಖಾಲಿ ಮಾಡಬೇಕು, ಇಲ್ಲವೇ ಬಲ್ಲವರು ಬಿಡಿಸಬೇಕು. ತುಂಬಿಟ್ಟವರು ತೀರಿಕೊಳ್ಳುತ್ತಾರೆ. ಒಳಗೆ ಈಡು ಇದೆಯೆಂದು ಗೊತ್ತಿಲ್ಲದ ಹುಡುಗರು ಕೊಬ್ಬರಿಯ ನಡುವಿನಿಂದ ಕೋವಿ ಇಳಿಸಿ ಕುದುರೆ ಎಳೆಯುತ್ತಾರೆ. ಹೊಗೆಯಿಲ್ಲದ ಮದ್ದಿನ ತೋಟಾ ಒಡೆದು, ಆ ಮದ್ದನ್ನು ಇದಕ್ಕೆ ಹಾಕುವ ದುಡುಕು ಇನ್ನೊಂದು. ಕಪ್ಪು ಮದ್ದಿಗೆಂದು ಮಾಡಿದ ನಳಿಗೆ ಅದರ ಒತ್ತಡ ತಾಳದೆ ತುಂಬಿದವನ ಕೈಯಲ್ಲೇ ಒಡೆಯುತ್ತದೆ. ನಿಧಾನ ಎಂಬ ಗುಣ ಉಳಿಯುವುದು ಹೊಡೆಯುವ ಹೊತ್ತಿಗೇ ತುಂಬಿದರೆ ಮಾತ್ರ, ಸರಿಯಾದ ಮದ್ದನ್ನೇ ತುಂಬಿದರೆ ಮಾತ್ರ. 2016ರ ಆಯುಧ ನಿಯಮಗಳು ಪರವಾನಗಿಗೆ ಮುಂಚೆ ಸುರಕ್ಷತೆಯ ತರಬೇತಿ ಬೇಕೆನ್ನುತ್ತವೆ. ಆ ತರಬೇತಿ ಜಿಲ್ಲಾ ಕೇಂದ್ರದ ಕವಾಯತು ಮೈದಾನದಲ್ಲಿ ನಿಂತುಹೋಗದೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಗೆ ಬಂದು, ಕೇಪಿನ ಕೋವಿಯನ್ನೇ ಮುಂದಿಟ್ಟುಕೊಂಡು ನಡೆಯಬೇಕು. ನವೀಕರಣಕ್ಕೆ ಬಂದ ಕೋವಿಯ ನಂಬರ್ ನೋಡಿದರೆ ಸಾಲದು, ಗಜ ಇಳಿಬಿಟ್ಟೂ ನೋಡಬೇಕು.

ಈ ಸೀಮೆಯ ಹಳೆಯ ಮನೆಗಳಲ್ಲಿ ಯಾರಿಗಾದರೂ ಅಟ್ಟದ ಮೇಲೋ ತೊಲೆಯ ಸಂದಿಯಲ್ಲೋ ತಾತನ ಕಾಲದ ಕೋವಿ ಕಂಡರೆ, ಅದು ತುಂಬಿದೆ ಎಂದೇ ತಿಳಿಯಿರಿ. ಗಜ ಹಾಕಿ ನೋಡುವ ಕೆಲಸವನ್ನೂ ನೀವು ಮಾಡಬೇಡಿ, ಕುದುರೆ ಮುಟ್ಟಬೇಡಿ. ಕೋವಿಯನ್ನು ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರವಿಟ್ಟು ಠಾಣೆಗೆ ತಿಳಿಸಿ. ಪರವಾನಗಿದಾರರು ತೀರಿಕೊಂಡಿದ್ದರೆ ಅದನ್ನು ಠಾಣೆಗೋ ಪರವಾನಗಿ ಇರುವ ಬಂದೂಕು ಅಂಗಡಿಗೋ ಒಪ್ಪಿಸುವುದು ಆಯುಧ ಕಾಯಿದೆಯ 21ನೆಯ ಸೆಕ್ಷನ್ ಪ್ರಕಾರ ವಾರಸುದಾರರ ಹೊಣೆ. ಬೆಳೆ ಕಾಯಲು ನಿಮಗೂ ಕೋವಿ ಬೇಕಿದ್ದರೆ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಕೇಳಲು 13ನೆಯ ಸೆಕ್ಷನ್ ಇದೆ.